ದತ್ತು ಆನೆಯ ಹಲ್ಲು

ನಾನು ನಿಂತಿದ್ದದ್ದು ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯ ನಮ್ಮ ಮನೆಯ ಹಿಂಬಾಗಿಲಲ್ಲಿ, ಬಟ್ಟೆ ಒಗೆಯುವ ಯಂತ್ರಕ್ಕೆ ಬೆನ್ನು ತಾಗಿಸಿಕೊಂಡು. ಎರಡು ಸಾವಿರದ ಆರನೆಯ ಇಸವಿಯ ಆಗಸ್ಟ್, ಗಣೇಶ ಚೌತಿಗೆ ಎರಡು ದಿನ ಮುಂಚಿನ ಶುಕ್ರವಾರ ಬೆಳಿಗ್ಗೆ. ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದೆ, ಇನ್ನೊಂದು ಕೈಯಲ್ಲಿತ್ತು. ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಆ ಬೆಳಿಗ್ಗೆ ನಡೆದದ್ದನ್ನು ನಮ್ಮ ಬಳಗದಲ್ಲಿ ಎಲ್ಲರಿಗಿಂತ ಸೊಗಸಾಗಿ ವರ್ಣಿಸುವವಳು ನನ್ನ ಹೆಂಡತಿ ಶೈಲಾ. ಆದರೆ ಅವಳು ಆಗ ಸ್ನಾನದ ಮನೆಯಲ್ಲಿದ್ದಳು. ಏನನ್ನೂ ಕಂಡಿಲ್ಲ. ಕಂಡವನು ನಾನು, ನನಗೆ ವರ್ಣಿಸಲು ಬರುವುದಿಲ್ಲ.

ಕಂಡದ್ದು ಇಷ್ಟು. ಇಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಹಿತ್ತಲಿನ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಕೂತಿತ್ತು. ತೋಟದ ನಲ್ಲಿಯ ಹತ್ತಿರ ನಮ್ಮ ಅವ್ವ, ಉಟ್ಟ ಸೀರೆಯಲ್ಲೇ, ಬರಿಗಾಲಲ್ಲಿ ನಿಂತು, ನನ್ನ ಮಗಳು ಅನಘಾ ಸಮುದ್ರದ ದಂಡೆಗೆ ಒಯ್ಯುವ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಬೇಲಿಯ ಆಚೆ ನಮ್ಮ ನೆರೆಯವ ಕೆವಿನ್ ಕೈಯಲ್ಲಿ ಪೊಸಮ್ ಎಂಬ ಬೆಕ್ಕಿನಷ್ಟು ದೊಡ್ಡ ಸತ್ತ ಪ್ರಾಣಿಯೊಂದನ್ನು ಬಾಲ ಹಿಡಿದುಕೊಂಡು ನಿಂತಿದ್ದ. ಅವ್ವನ ಮೈಯಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ನಾನು ಓಡಿಹೋಗಿ ಟವೆಲ್ಲು ತರಬೇಕಿತ್ತು. ತರಲಿಲ್ಲ. ಉಳಿದ ಕಾಲುಚೀಲವನ್ನು ಹಾಕಿಕೊಂಡೆ.

ಆ ಬಕೆಟ್ಟು ಹೋದ ವಾರ ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಸಿಕ್ಕಿತು. ಹಿಡಿಕೆ ಮುರಿದಿದೆ. ಎಸೆಯಲು ಕೈಗೆತ್ತಿಕೊಂಡವನು ಅಲ್ಲೇ ಕೂತುಬಿಟ್ಟೆ.

ಇದಕ್ಕೆಲ್ಲ ಮೂಲ ಒಂದು ಶಬ್ದ, ಆ ಶಬ್ದ ನನ್ನದು. ನಾನು ಇಲ್ಲಿ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಅಳತೆಯ ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವ ಕೆಲಸ ಮಾಡುತ್ತಿದ್ದವನು. ಅಂಥವನಿಗೆ ಶಬ್ದಗಳಲ್ಲೂ ಕೂದಲೆಳೆಯ ನಿಖರತೆ ಬೇಕೆಂಬ ಚಟ. ಮಗಳ ಕನ್ನಡ ತಿದ್ದುವುದು ನನ್ನ ಭಾನುವಾರದ ವ್ಯಾಯಾಮವಾಗಿತ್ತು. ಅವಳಿಗೆ ಆಗ ಒಂಬತ್ತು ವರ್ಷ. ಕನ್ನಡ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳ ತರಗತಿಯಲ್ಲಿ ಝಾಂಬಿಯಾದ ಒಂದು ಆನೆ ಸಂರಕ್ಷಣಾ ಸಂಸ್ಥೆಯ ಬಗ್ಗೆ ಪಾಠವಾಗಿತ್ತು. ಕಾಡಿನಲ್ಲಿ ಕಳ್ಳಬೇಟೆಗಾರರು ಒಡ್ಡಿದ ತಂತಿಯ ಉರುಳುಗಳನ್ನು ಕೀಳುವುದು, ಆನೆಗಳು ಹೊಲಕ್ಕೆ ನುಗ್ಗದಂತೆ ಬೇಲಿಗೆ ಮೆಣಸಿನಕಾಯಿ ಅರೆದು ಹಚ್ಚಲು ರೈತರಿಗೆ ಕಲಿಸುವುದು, ತಾಯಿ ಸತ್ತ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ದೊಡ್ಡದು ಮಾಡಿ ಮತ್ತೆ ಕಾಡಿಗೆ ಬಿಡುವುದು ಆ ಸಂಸ್ಥೆಯ ಕೆಲಸ. ಮರಿ ಒಂಟಿಯಾಗಿ ಅಂಜಬಾರದೆಂದು ಸಾಕುವವರು ಹುಲ್ಲಿನ ಮೇಲೆ ಅದರ ಪಕ್ಕದಲ್ಲೇ ಮಲಗುತ್ತಾರಂತೆ. ದೂರದೇಶದವರು ಒಂದೊಂದು ಮರಿಯ ಖರ್ಚು ವಹಿಸಿಕೊಳ್ಳಬಹುದು. ಅನಘಾ ಹಟ ಹಿಡಿದಳು. ನಾವು ಒಂದು ಹೆಣ್ಣುಮರಿಯನ್ನು ವಹಿಸಿಕೊಂಡೆವು. ಅದರ ಹೆಸರು ಚಿಸೊಮೊ. ಅಂಚೆಯಲ್ಲಿ ಒಂದು ಪ್ರಮಾಣಪತ್ರ ಬಂತು, ಫ್ರಿಜ್ಜಿಗೆ ಅಂಟಿಸಲು ಮರಿಯ ಚಿತ್ರವಿರುವ ಅಯಸ್ಕಾಂತ ಬಂತು.

“ಅಜ್ಜಿ, ವೀ ಅಡಾಪ್ಟೆಡ್ ಅನ್ ಎಲಿಫೆಂಟ್,” ಎಂದಳು ಅನಘಾ.

ಅವ್ವ ನನ್ನ ಕಡೆ ನೋಡಿದಳು. “ಏನಂತದ?”

“ಆನಿ ಮರಿ ದತ್ತು ತಗೊಂಡೇವಿ ಅವ್ವ,” ಎಂದೆ.

ಸಾಕಿಕೊಂಡೇವಿ ಎನ್ನಬಹುದಿತ್ತು. ಖರ್ಚು ನೋಡಿಕೊಳ್ಳತೇವಿ ಎನ್ನಬಹುದಿತ್ತು. ನಾನು ದತ್ತು ಎಂದೆ. ನಿಘಂಟಿನಲ್ಲಿ ಹಾಗೇ ಇದೆ.

ಅವ್ವ ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಿದಳು. “ದತ್ತು ಅಂದ್ರ, ಹೋಮ ಇಲ್ಲ, ಉಡಿಯೊಳಗ ಹಾಕ್ಕೊಳ್ಳೂದಿಲ್ಲ, ಹಂಗ?”

“ಉಡಿಯೊಳಗ ಹಿಡಸೂದಿಲ್ಲ ಅತ್ತೀ,” ಎಂದಳು ಶೈಲಾ.

“ಗೋತ್ರ ಯಾವುದು ಬರಸಿದಿ?”

“ನಮ್ದ, ಕಾಶ್ಯಪ,” ಎಂದೆ ನಾನು, ಬಹಳ ಚುರುಕಾದ ಮಾತಾಡಿದೆನೆಂದು ನಂಬಿ. “ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪರ ಅಲ್ಲೇನು?”

ಅವ್ವ ನಗಲಿಲ್ಲ. “ಖರೆ ಅದ,” ಎಂದು ಮತ್ತೆ ಹೆಚ್ಚತೊಡಗಿದಳು. ಅಂದಿನಿಂದ ಅಯಸ್ಕಾಂತದ ಕೆಳಗೆ, ಫ್ರಿಜ್ಜಿನ ಪಕ್ಕದ ಕಟ್ಟೆಯ ಮೇಲೆ, ದಿನಾ ಒಂದು ಚೂರು ಬೆಲ್ಲ ಇರುತ್ತಿತ್ತು. ಚಿಸೊಮೊ ಸೋಮವ್ವ ಆದಳು. ಸಂಸ್ಥೆಯಿಂದ ತಿಂಗಳಿಗೊಮ್ಮೆ ಬರುವ ಸುದ್ದಿಯನ್ನು ಅನಘಾ ಓದಿ ಹೇಳಬೇಕಿತ್ತು. ಅವ್ವ ಅದನ್ನು ಗದಗಿಗೆ ಫೋನು ಹಚ್ಚಿ ದಾಟಿಸುತ್ತಿದ್ದಳು: “ನಮ್ಮ ಸೋಮವ್ವಗ ನೆಗಡಿ ಆಗಿತ್ತು, ಈಗ ಆರಾಮ ಅದಾಳ. ಕೆಸರಾಗ ಉಳ್ಳಾಡತಾಳಂತ.” ಆ ಕಡೆಯವರು ಸೋಮವ್ವ ಯಾರೆಂದು ತಿಳಿದಿದ್ದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಆನೆಗೆ ಅಪ್ಪನಾಗುವ ಯೋಗ್ಯತೆ ನನಗೆ ಎಳ್ಳಷ್ಟೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ನಾನು ಐದು ವರ್ಷದವನಿದ್ದಾಗ ಗದಗಿನ ನಮ್ಮ ಓಣಿಗೆ ಒಂದು ಆನೆ ಬಂದಿತ್ತು. ಹಣೆಗೆ ಸುಣ್ಣದ ನಾಮ, ಕೊರಳಲ್ಲಿ ಗಂಟೆ, ಮಾವುತನ ಹೆಗಲಿಗೆ ಜೋಳಿಗೆ. ಹೆಂಗಸರು ಆನೆಯ ಕಾಲಿಗೆ ಕೊಡ ನೀರು ಹಾಕಿ, ಅದರ ಸೊಂಡಿಲಿಗೆ ಬೆಲ್ಲ, ಕಾಯಿ ಕೊಟ್ಟರು. ಆನೆಯ ಹೊಟ್ಟೆಯ ಕೆಳಗೆ ನುಸಿದು ಆಚೆ ಹೋದರೆ ಮಕ್ಕಳ ಅಂಜಿಕೆ ಹೋಗುತ್ತದೆಂದು ನಂಬಿಕೆ. ಓಣಿಯ ಮಕ್ಕಳೆಲ್ಲ ಬಗ್ಗಿ ದಾಟಿದರು. ನಾನು ಕಟ್ಟೆಯ ಕಂಬ ತಬ್ಬಿಕೊಂಡೆ. ಪಕ್ಕದ ಮನೆಯ ಪದ್ದಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಕಂಬದಿಂದ ಬಿಡಿಸಿ ಎತ್ತಿಕೊಂಡು ಆ ಹೊಟ್ಟೆಯ ಕೆಳಗೆ ಹೋದಳು. ಆಚೆ ಬಂದಾಗ ಅವಳ ಲಂಗವೂ ನನ್ನ ಚಡ್ಡಿಯೂ ಒದ್ದೆಯಾಗಿದ್ದವು. ಆನೆಯೇ ಮಾಡಿತೆಂದು ನಾನು ಇವತ್ತಿಗೂ ವಾದಿಸಬಲ್ಲೆ, ಆದರೆ ಪದ್ದಕ್ಕ ಒಪ್ಪುವುದಿಲ್ಲ. ಅಂಜಿಕೆ ಹೋಗಲಿಲ್ಲವೆಂದು ಅವ್ವ ಮಾವುತನಿಂದ ಆನೆ ಬಾಲದ ಕೂದಲಿನ ಉಂಗುರ ಕೊಂಡು ನನ್ನ ಬೆರಳಿಗೆ ಹಾಕಿದಳು. ಅದನ್ನು ಹಾಕಿಕೊಂಡು ನಾನು ಗೋಡೆಯ ಮೇಲಿನ ಹಲ್ಲಿಗೂ ಅಂಜುತ್ತಿದ್ದೆ.

ಮತ್ತೆ ಆ ಶುಕ್ರವಾರಕ್ಕೆ ಬರುತ್ತೇನೆ. ಸುದ್ದಿ ನನಗೆ ಹಿಂದಿನ ದಿನವೇ ಬಂದಿತ್ತು. ಮರಿಗೆ ಭೇದಿ ಹಿಡಿದು, ಎಷ್ಟು ಉಪಚಾರ ಮಾಡಿದರೂ ಉಳಿಯಲಿಲ್ಲ ಎಂದು ಸಂಸ್ಥೆಯವರು ಮರ್ಯಾದೆಯಿಂದ ಬರೆದಿದ್ದರು. ಚೌತಿ ಮುಗಿಯುವ ತನಕ ಅವ್ವನಿಗೆ ಹೇಳುವುದು ಬೇಡವೆಂದು ಶೈಲಾ ಮತ್ತು ನಾನು ನಿರ್ಧರಿಸಿದೆವು. ಆ ವರ್ಷ ಹ್ಯಾಮಿಲ್ಟನ್ನಿನ ಕನ್ನಡದವರ ಗಣಪತಿ ನಮ್ಮ ಮನೆಯಲ್ಲಿ ಕೂಡುವುದಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಹತ್ತಿರ ಬಂದು ಮೂರು ವರ್ಷವಾಗಿತ್ತು, ಮೂರೂ ವರ್ಷ ಮಂದಿಯ ಮನೆಯ ಗಣಪತಿಗೆ ಕೈಮುಗಿದು ಬಂದಿದ್ದಳು. ಈ ಸಲ ತಾನೇ ಕುಂಬಾರರ ಮಣ್ಣು ತರಿಸಿ ಮೂರ್ತಿ ಮಾಡಿದ್ದಳು. ಒಣಗಲೆಂದು ಬಟ್ಟೆ ಒಣಗಿಸುವ ಬಿಸಿ ಕಪಾಟಿನಲ್ಲಿ, ನನ್ನ ಬನಿಯನ್ನುಗಳ ನಡುವೆ, ಗಣಪತಿ ಕೂತಿದ್ದ. ಇಲಿಯನ್ನು ಬೇರೆಯೇ ಮಾಡಿ ಪಕ್ಕಕ್ಕಿಟ್ಟಿದ್ದಳು. ಇಷ್ಟೆಲ್ಲ ಆದ ಮೇಲೆ ಸಾವಿನ ಸುದ್ದಿ ಹೇಗೆ ಹೇಳುವುದು?

ಸಾವಿನ ಸುದ್ದಿಯನ್ನು ಅನಘಾಗೆ ಹೇಳಿದ್ದೆವು, ನಮ್ಮ ನಿರ್ಧಾರವನ್ನು ತಿಳಿಸಲು ಮರೆತೆವು. ಬೆಳಿಗ್ಗೆ ನಾನು ಕಾಲುಚೀಲ ಹುಡುಕುತ್ತಿರುವಾಗ ಅಡುಗೆಮನೆಯಲ್ಲಿ ಅವಳ ದನಿ ಕೇಳಿತು.

“ಅಜ್ಜಿ, ಚಿಸೊಮೊ ಪಾಸ್ಡ್ ಅವೇ.”

“ಪಾಸಾದಳೇನ? ಚಲೋ ಆತು,” ಎಂದಳು ಅವ್ವ. “ಅಲ್ಲೂ ಸಾಲಿ ಐತೇನು?”

“ನೋ ಅಜ್ಜಿ. ಸತ್ತಳು.”

ಆಮೇಲೆ ಹಿಂಬಾಗಿಲು ತೆರೆದ ಸಪ್ಪಳ. ಸಾವಿನ ಸುದ್ದಿ ಕೇಳಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನವಾಗಬೇಕು. ಒದ್ದೆ ಸೀರೆಯಲ್ಲಿ ಕಾರ್ಪೆಟ್ಟಿನ ಮೇಲೆ ನಡೆದರೆ ಸೊಸೆ ಸುಮ್ಮನಿರುವುದಿಲ್ಲ. ಹಾಗಾಗಿ ತೋಟದ ನಲ್ಲಿ.

ಅವ್ವ ಒಳಗೆ ಹೋದ ಮೇಲೆ ಕೆವಿನ್ ಬೇಲಿಯ ಹತ್ತಿರ ಬಂದ. ನಿವೃತ್ತ ನಲ್ಲಿ ರಿಪೇರಿಯವನು, ಒಳ್ಳೆಯ ಮನುಷ್ಯ. ಈ ದೇಶದ ಹಕ್ಕಿಗಳನ್ನು ಉಳಿಸುವ ಸಂಘವೊಂದಕ್ಕೆ ಸೇರಿದ್ದ. ಇಲ್ಲಿ ಹಕ್ಕಿ ಉಳಿಸುವುದೆಂದರೆ ಹೊರಗಿನಿಂದ ಬಂದು ಮೊಟ್ಟೆ ತಿನ್ನುವ ಪೊಸಮ್ಮು, ಇಲಿಗಳನ್ನು ಬೋನಿಟ್ಟು ಕೊಲ್ಲುವುದು. “ಪ್ರಾಣಿ ಕೊಂದು ಪುಣ್ಯ ಗಳಸತಾನ, ಜಾಣ ಅದಾನ,” ಎಂದು ಅವ್ವ ಅವನನ್ನು ವಾರೆಗಣ್ಣಿನಿಂದ ನೋಡುತ್ತಿದ್ದಳು.

“ನಿನ್ನ ಅಮ್ಮ ಆರಾಮಾಗಿದ್ದಾರಾ, ರಗು?” ಎಂದು ಕೆವಿನ್ ಕೇಳಿದ.

“ಒಂದು ಸಾವಾಗಿದೆ,” ಎಂದೆ.

ಅವನು ಟೋಪಿ ತೆಗೆದ. “ಸಾರಿ, ಮೇಟ್. ಹತ್ತಿರದವರಾ?”

“ಝಾಂಬಿಯಾದಲ್ಲಿ.”

“ನಿಮ್ಮವರು ಅಲ್ಲೂ ಇದ್ದಾರಾ?”

“ಆನೆ,” ಎಂದೆ. “ದತ್ತು ತೆಗೆದುಕೊಂಡಿದ್ದೆವು.”

ಕೆವಿನ್ ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಪೊಸಮ್ಮನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಒಳಗೆ ಅವ್ವ ಒಣ ಸೀರೆ ಉಟ್ಟು, ಹೀಟರಿನ ಮುಂದೆ ಕೂತಿದ್ದಳು. ತುಟಿ ನೀಲಿಯಾಗಿತ್ತು. ಸೂತಕ ಬಂದ ಮನೆಯಲ್ಲಿ ಗಣಪತಿ ಕೂಡಿಸುವಂತಿಲ್ಲ. ಅದು ಆನೆ, ಮನುಷ್ಯರಲ್ಲ ಎಂದು ನಾನು ಹೇಳಿದೆ. “ಗಣಪತಿನೂ ಅರ್ಧ ಹಂಗ ಅದಾನ,” ಎಂದಳು. ದತ್ತು ಎಂದರೆ ಕಾಗದದ ದತ್ತು ಎಂದೆ. “ದತ್ತು ಅಂದಾಂವ ನೀನ. ನಾ ಕೇಳಿದಾಗ ಗೋತ್ರನೂ ಹೇಳಿದಿ,” ಎಂದಳು.

ಕೊನೆಗೆ ಅವಳೇ ದಾರಿ ತೋರಿಸಿದಳು. “ಹಲ್ಲ ಬಂದಿದ್ವೇನು ಕೇಳು. ಹಲ್ಲ ಬರೂಕಿಂತ ಮದಲ ಹೋದ್ರ ಬರೇ ಸ್ನಾನ, ಅಲ್ಲಿಗೆ ಮುಗೀತು. ಬಂದಮ್ಯಾಲ ಹೋದ್ರ ಮೂರ ದಿನ.” ಶಾಸ್ತ್ರದಲ್ಲಿ ಹೀಗೆಯೇ ಇದೆಯೋ ಇಲ್ಲವೋ ನಾನು ನೋಡಿಲ್ಲ. ಇದು ನಮ್ಮ ಅವ್ವನ ಶಾಸ್ತ್ರ. ಮೂರು ದಿನವೆಂದರೆ ಶುಕ್ರ, ಶನಿ, ಭಾನುವಾರ. ಚೌತಿ ಭಾನುವಾರವೇ ಇತ್ತು. ಅವ್ವನ ಗಣಪತಿಯ ಭವಿಷ್ಯ ಹೀಗೆ ಝಾಂಬಿಯಾದ ಒಂದು ಮರಿಯ ಬಾಯಿಯೊಳಗೆ ಹೋಗಿ ಕೂತಿತು.

ಸಂಜೆ ಮೂಲೆಯ ಡೈರಿಯಿಂದ ಫೋನ್ ಕಾರ್ಡು ತಂದೆ. ಈ ದೇಶದಲ್ಲಿ ಡೈರಿ ಎಂದರೆ ಹಾಲಿನ ಕೇಂದ್ರವಲ್ಲ, ಕಿರಾಣಿ ಅಂಗಡಿ. ನಮ್ಮ ಸಂಜೆ ಅವರಿಗೆ ಬೆಳಿಗ್ಗೆ. ಅವ್ವನೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದೆವು. ಅನಘಾ ಅಜ್ಜಿಗೆ ಅಂಟಿ ಕೂತಳು. ಆ ಕಡೆ ಎತ್ತಿದವರು ಫಿರಿ ಎಂಬುವವರು, ಕಚೇರಿ ನೋಡಿಕೊಳ್ಳುವವರು. ನಾನು ಚಿಸೊಮೊಳ ತಂದೆ ಎಂದು ಹೇಳಿಕೊಂಡೆ. ಸ್ವಲ್ಪ ತಡೆದು ಅವರು ಸಂತಾಪ ಹೇಳಿದರು. ಅಷ್ಟು ಹೊತ್ತಿಗೆ ಅವ್ವ ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು: “ಹಲ್ಲ ಅನಬ್ಯಾಡ. ಆನಿಗೆ ದಂತ ಅನಬೇಕು, ಏಕದಂತ ಅಂದಂಗ.”

ನನ್ನ ತಲೆಯೊಳಗಿನ ನಿಘಂಟು ಮತ್ತೆ ತೆರೆಯಿತು. ದಂತ, ಆನೆಯದು: ಐವರಿ.

“ಒಂದು ವಿಷಯ ಕೇಳಬೇಕಿತ್ತು,” ಎಂದೆ. “ಅವಳ ಐವರಿ ಬಂದಿತ್ತೇ?”

“ಐವರಿ,” ಎಂದರು ಫಿರಿ. ಅದು ಪ್ರಶ್ನೆಯಾಗಿರಲಿಲ್ಲ.

“ಹೌದು. ಎಷ್ಟು ಅಂತ ಬೇಡ. ಬಂದಿತ್ತೋ ಇಲ್ಲವೋ, ಅಷ್ಟು ಸಾಕು.”

“ಯಾಕೆ ಕೇಳುತ್ತಿದ್ದೀರಿ, ಸರ್?”

“ಭಾನುವಾರ ನಮ್ಮ ಮನೆಯಲ್ಲಿ ಪೂಜೆಯಿದೆ. ಅದಕ್ಕೆ ಬೇಕಿತ್ತು.”

ಆ ಕಡೆ ಕುರ್ಚಿ ಸರಿದ ಸಪ್ಪಳ ಕೇಳಿತು. ಕಳ್ಳ ದಂತ ಹಿಡಿಯುವುದಕ್ಕೇ ಹುಟ್ಟಿದ ಸಂಸ್ಥೆ ಅದು. ಆಗ ನಾನು ಸುಮ್ಮನಾಗಬಹುದಿತ್ತು. ಆದರೆ ಎದುರಿನವರಿಗೆ ಸಂಶಯ ಬಂದಿದೆಯೆಂದು ಗೊತ್ತಾದರೆ ನನಗೆ ಮಾತು ಹೆಚ್ಚುತ್ತದೆ.

“ತಪ್ಪು ತಿಳಿಯಬೇಡಿ. ನಮ್ಮದು ಆನೆಯೆಂದರೆ ಜೀವ ಬಿಡುವ ಮನೆತನ. ನಾನಂತೂ ಚಿಕ್ಕವನಿದ್ದಾಗಲೇ ಆನೆ ಬಾಲದ ಕೂದಲಿನ ಉಂಗುರ ಹಾಕಿಕೊಂಡವನು.”

“ನಿಮ್ಮ ಹೆಸರು ಇನ್ನೊಮ್ಮೆ ಹೇಳಿ, ಸರ್,” ಎಂದರು ಫಿರಿ. “ಒಂದೊಂದೇ ಅಕ್ಷರ.”

ನಾನು ಹೇಳತೊಡಗಿದೆ. ರಾಘವೇಂದ್ರ ಎಂಬುದು ಇಂಗ್ಲಿಷಿನಲ್ಲಿ ಬಹಳ ಉದ್ದ. ಅರ್ಧಕ್ಕೆ ಬಂದಾಗ ಶೈಲಾ ಫೋನು ಕಸಿದುಕೊಂಡಳು.

“ಸರ್, ನನ್ನ ಗಂಡ ಎಂಜಿನಿಯರು,” ಎಂದಳು, ಅದರಿಂದಲೇ ಎಲ್ಲ ತಿಳಿಯಬೇಕೆಂಬಂತೆ. “ಅವರು ಕೇಳುತ್ತಿರುವುದು ಹಲ್ಲು. ಹಾಲುಹಲ್ಲು. ನಮ್ಮ ಅತ್ತೆ ಆ ಮರಿಗೆ ಸೂತಕ ಹಿಡಿಯುವವರಿದ್ದಾರೆ, ಮಗು ಎಷ್ಟು ದೊಡ್ಡದಿತ್ತೆಂದು ಅವರಿಗೆ ತಿಳಿಯಬೇಕು.”

ಫಿರಿ ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ನಕ್ಕರು. ಮರಿಗೆ ಹಾಲು ಕುಡಿಸುತ್ತಿದ್ದ ಮಿಸೆಸ್ ಬಾಂಡಾ ಅಂಗಳದಲ್ಲೇ ಇದ್ದಾರೆ, ಕರೆಯುತ್ತೇನೆ ಎಂದರು. ದೂರದಲ್ಲಿ ಯಾರೋ ಕೂಗಿದ್ದು, ಬಕೆಟ್ಟು ಕೆಳಗಿಟ್ಟ ಸಪ್ಪಳ, ಚಪ್ಪಲಿಯ ಸಪ್ಪಳ. ಬಂದ ದನಿ ದಪ್ಪಗಿತ್ತು, ದಣಿದಿತ್ತು.

“ಯಾರು ಕೇಳುತ್ತಿರುವುದು?”

“ನನ್ನ ತಾಯಿ,” ಎಂದೆ. “ಇಲ್ಲೇ ಇದ್ದಾರೆ. ಇಂಗ್ಲಿಷು ಬರುವುದಿಲ್ಲ.”

“ನಮ್ಮಲ್ಲೂ ಮುದುಕಿಯರು ಇದನ್ನೇ ಕೇಳುತ್ತಾರೆ,” ಎಂದರು ಆಕೆ. “ಹೇಳಿ ಅವರಿಗೆ. ಹೊರಗೆ ಕಾಣುವ ದಂತ ಇನ್ನೂ ಬಂದಿರಲಿಲ್ಲ. ಬಾಯಿಯೊಳಗೆ, ಹಿಂದೆ, ಹಲ್ಲು ಬಂದಿದ್ದವು. ಬಾಟಲಿ ಮುಗಿದ ಮೇಲೆ ನನ್ನ ಬೆರಳು ಚೀಪುತ್ತಿದ್ದಳು. ನನ್ನ ಬೆರಳಿಗೆ ಗೊತ್ತು.”

ಫೋನು ಇಟ್ಟ ಮೇಲೆ ಎಲ್ಲರೂ ನನ್ನನ್ನು ನೋಡಿದರು. ಅರ್ಧ ಹೇಳಿ ನಿಲ್ಲಿಸಿದರೆ ಸುಳ್ಳಾಗುವುದಿಲ್ಲ, ಗಣಪತಿಯೂ ಉಳಿಯುತ್ತಾನೆ ಎಂದು ಲೆಕ್ಕ ಹಾಕಿದೆ.

“ದಂತ ಬಂದಿರಲಿಲ್ಲಂತ ಅವ್ವ.”

“ಹಲ್ಲ?” ಎಂದಳು.

ಹಲ್ಲು ಎನ್ನಬೇಡವೆಂದವಳು ಅವಳೇ. ಶೈಲಾ ನನಗೆ ಕಣ್ಣು ಮಾಡಿದಳು. ನಾನು ಅವ್ವನ ಮುಖ ನೋಡಿದೆ. ಅವಳು ಕೈಯಲ್ಲಿ ಆ ಅಯಸ್ಕಾಂತ ಹಿಡಿದಿದ್ದಳು.

“ಬಂದಿದ್ವಂತ,” ಎಂದೆ. “ಹಿಂದ. ಹಾಲು ಕುಡಸತಿದ್ದವರು ಹೇಳಿದರು, ಅವರ ಬೆರಳಿಗೆ ಗೊತ್ತಂತ.”

ಅವ್ವ ಅಳುತ್ತಾಳೆಂದುಕೊಂಡೆ. ಅಥವಾ ಸಿಟ್ಟಾಗುತ್ತಾಳೆಂದು. ಮೂರು ವರ್ಷ ಕಾದ ಗಣಪತಿ ಕೈತಪ್ಪಿದ್ದ. ಅವಳ ಹೆಗಲು ಸಡಿಲವಾಯಿತು, ಭಾರ ಇಳಿಸಿದವರ ಹಾಗೆ. “ಹಂಗಾರ ಮೂರ ದಿನ,” ಎಂದು ಗೋಡೆಗೆ ಒರಗಿದಳು.

ಗಣಪತಿಯನ್ನು ಹತ್ತಿರದಲ್ಲೇ ಇದ್ದ ಮೈಸೂರಿನ ಪ್ರಸಾದರ ಮನೆಯಲ್ಲಿ ಕೂಡಿಸುವುದೆಂದಾಯಿತು. “ಅಯ್ಯೋ, ಯಾರು ಸಾರ್ ಹೋಗ್ಬಿಟ್ಟಿದ್ದು?” ಎಂದು ಅವರು ಫೋನಿನಲ್ಲಿ ಕೇಳಿದರು. “ದೂರದ ಸಂಬಂಧ,” ಎಂದೆ. ಭೂಗೋಳದ ಪ್ರಕಾರ ಅದು ಸರಿ. ಸೂತಕದ ನಾವು ಮೂರ್ತಿ ಮುಟ್ಟುವಂತಿಲ್ಲ, ಪ್ರಸಾದ್ ಕೆಲಸದ ಮೇಲೆ ಆಕ್ಲೆಂಡಿಗೆ ಹೋಗಿದ್ದರು. ಹಾಗಾಗಿ ಶನಿವಾರ ಕೆವಿನ್ನನ ಯೂಟ್, ಹಿಂದೆ ಸಾಮಾನು ಹೇರುವ ತೆರೆದ ಗಾಡಿ, ನಮ್ಮ ಬಾಗಿಲಿಗೆ ಬಂತು. ಅವ್ವ ಅವನಿಗೆ ಸೋಪು ಹಚ್ಚಿ ಎರಡು ಸಲ ಕೈ ತೊಳೆಸಿದಳು. ಅವನು ಗಮ್‌ಬೂಟು ಕಳಚಿ, ತೂತುಬಿದ್ದ ಕಾಲುಚೀಲದಲ್ಲಿ ಒಳಗೆ ಬಂದು, ನನ್ನ ಬನಿಯನ್ನುಗಳ ನಡುವಿನಿಂದ ಗಣಪತಿಯನ್ನು ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂಡಿಸಿ ಬೆಲ್ಟು ಕಟ್ಟಿದ.

“ಇಲಿ ಅವನ ಕೈಯಾಗ ಕೊಡಬ್ಯಾಡ,” ಎಂದಳು ಅವ್ವ ಬಾಗಿಲಲ್ಲಿ ನಿಂತು. “ಅಂವಗ ಇಲಿ ಕಂಡ್ರ ಕೈ ತಡಿಯೂದಿಲ್ಲ.”

ಹಾಗಾಗಿ ಆ ವರ್ಷ ಹ್ಯಾಮಿಲ್ಟನ್ನಿನ ಗಣಪತಿಗೆ ವಾಹನವಿರಲಿಲ್ಲ. ಬಂದದ್ದು ಟೊಯೋಟಾದಲ್ಲಿ.

ಭಾನುವಾರ ಮಧ್ಯಾಹ್ನ ಎಲ್ಲರೂ ಪ್ರಸಾದರ ಮನೆಯಲ್ಲಿದ್ದರು. ನಾವು ನಾಲ್ವರು ಮಾತ್ರ ಮನೆಯಲ್ಲಿ. ಅವ್ವ ಹಿಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ಕಡಬು ಮಾಡುವ ಕೆಲಸವಿಲ್ಲದ ಚೌತಿಯನ್ನು ಅವಳು ಅದೇ ಮೊದಲು ಕಂಡಿರಬೇಕು. ನಾನು ಪಕ್ಕದಲ್ಲಿ ಕೂತೆ. ಮಾತಿಗೆ ಬೇಕೆಂದು ಕೇಳಿದೆ: “ಹಲ್ಲಿನ ಲೆಕ್ಕ ನಿನಗ ಹೆಂಗ ಗೊತ್ತವ್ವ?”

“ನಿನ್ನಕಿಂತ ಮದಲ ಒಂದು ಹೆಣ್ಣಕೂಸು ಇತ್ತು,” ಎಂದಳು.

ಇತ್ತೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಚೌತಿ ಮುಂದ ಇತ್ತು. ಭೇದಿ ಹತ್ತಿ ಹೋತು. ನಿಮ್ಮ ಅಜ್ಜಿ ನನ್ನ ಹಿತ್ತಲದಾಗ ನಿಂದರಿಸಿ ಮ್ಯಾಲ ಒಂದು ಕೊಡ ನೀರ ಸುರುವಿದಳು. ಹಲ್ಲ ಬಂದಿಲ್ಲ, ಸ್ನಾನ ಆತು, ಮುಗೀತು, ಒಳಗ ಹೋಗಿ ಹೂರಣ ರುಬ್ಬು ಅಂದಳು. ರುಬ್ಬಿದೆ. ಮಂದಿ ಬಂದ್ರು, ಉಂಡ್ರು.”

ಬೇಲಿಯಾಚೆ ಕೆವಿನ್ ಬೋನು ತೊಳೆಯುತ್ತಿದ್ದ.

“ಒಂದು ಬಂದಿತ್ತೋ ರಘೂ. ಕೆಳಗಿಂದು. ಹಾಲು ಕುಡಸೂ ನನಗ ಗೊತ್ತು. ನನ್ನ ಯಾರೂ ಕೇಳಲಿಲ್ಲ.”

ಆ ಸಲ ನನಗೆ ಸರಿಯಾದ ಶಬ್ದ ಹೊಳೆಯಲಿಲ್ಲ. ಒಳಗೆ ಹೋಗಿ ಟವೆಲ್ಲು ತಂದು ಅವಳ ಹೆಗಲಿಗೆ ಹೊದಿಸಿದೆ. ಅವಳ ಮೈ ಒಣಗಿ ಎರಡು ದಿನವಾಗಿತ್ತು. “ಏನು ಹುಚ್ಚ ಅದಿ,” ಎಂದಳು, ಆದರೆ ತೆಗೆಯಲಿಲ್ಲ. ಕತ್ತಲಾಗುವ ತನಕ ಅಲ್ಲೇ ಕೂತಿದ್ದಳು. ಅತ್ತಳು. ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಅವ್ವ ಈಗಿಲ್ಲ. ರೊಟೊಟೂನದ ಹಿತ್ತಲಿನ ಆ ಸ್ನಾನವನ್ನು ಕಂಡವರಲ್ಲಿ ಉಳಿದವರು ನಾನು ಮತ್ತು ಕೆವಿನ್. ಅವನಿಗೆ ಒಂದು ಮೊಣಕಾಲು ಹೊಸದು, ಬೋನು ಇಡುವುದನ್ನು ಬಿಟ್ಟಿಲ್ಲ. ಅನಘಾ ತಾನೂ ಅಡುಗೆಮನೆಯ ಕಿಟಕಿಯಿಂದ ಕಂಡೆನೆಂದು ಹೇಳುತ್ತಾಳೆ. ಅವಳನ್ನೂ ಸೇರಿಸುತ್ತೇನೆ. ಗದಗಿನ ಹಿತ್ತಲಿನ ಸ್ನಾನವನ್ನು ಕಂಡವರು ಯಾರೂ ಉಳಿದಿಲ್ಲವೆಂದೇ ತಿಳಿದಿದ್ದೆ. ಹೋದ ವಾರ ಬಕೆಟ್ಟು ಸಿಕ್ಕ ದಿನ ಪದ್ದಕ್ಕನಿಗೆ ಫೋನು ಮಾಡಿದೆ. ಆ ಹೆಣ್ಣುಕೂಸು ಇದ್ದಾಗ ಅವಳು ಸಣ್ಣ ಹುಡುಗಿ, ಅದನ್ನು ಸೊಂಟದಿಂದ ಇಳಿಸುತ್ತಿರಲಿಲ್ಲವಂತೆ. ಆನೆಯ ಹೊಟ್ಟೆಯ ಕೆಳಗಿನ ವಿಷಯವನ್ನು ಮೊದಲು ಎತ್ತಿ, ನನ್ನ ಚ‌ಡ್ಡಿಯ ಬಗ್ಗೆ ನಕ್ಕಳು. ಆಮೇಲೆ ನಾನು ಹಲ್ಲಿನ ಮಾತು ಕೇಳಿದೆ.

“ಇತ್ತಲ್ಲೋ, ಕೆಳಗ ಒಂದು,” ಎಂದಳು. “ನನ್ನ ಬೆರಳ ಕಚ್ಚತಿದ್ದಳು.”

ಪದ್ದಕ್ಕ ಇದ್ದಾಳೆ. ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ.